ಮಾಡ್ಯುಲರ್ ಸಿಂಥಸೈಜರ್‌ನ ಯುಟಿಲಿಟಿ ಮಾಡ್ಯೂಲ್‌ಗಳು

ಮಾಡ್ಯುಲರ್ ಸಿಂಥಸೈಜರ್‌ನಲ್ಲಿ ತಾವಾಗಿ ನಾದ ಹುಟ್ಟಿಸದೆ, ಬೇರೆ ಮಾಡ್ಯೂಲ್‌ಗಳ ವೋಲ್ಟೇಜನ್ನು ತಗ್ಗಿಸುವ, ಕೂಡಿಸುವ, ತಲೆಕೆಳಗಾಗಿಸುವ, ಹಂಚುವ ಸರಳ ಘಟಕಗಳೇ ಯುಟಿಲಿಟಿ ಮಾಡ್ಯೂಲ್‌ಗಳು. ಇವುಗಳಲ್ಲಿ ಹೆಚ್ಚಿನವು ನಾದ ಹುಟ್ಟಿಸುವ ಆಸಿಲೇಟರ್, ಅದನ್ನು ಸೋಸುವ ಫಿಲ್ಟರ್‌ಗಳಿಗಿಂತ ಅಗ್ಗ. ಆದರೂ ಇರುವ ಕೆಲವೇ ಮಾಡ್ಯೂಲ್‌ಗಳಿಂದ ಹೊಸ ಧ್ವನಿ, ಹೊಸ ಲಯ ಪಡೆಯಲು ಇವೇ ಮುಖ್ಯ ಸಾಧನ.

ಹಿನ್ನೆಲೆ

1960ರ ದಶಕದ ಮಧ್ಯದಲ್ಲಿ ಅಮೆರಿಕದ ರಾಬರ್ಟ್ ಮೋಗ್ ಮತ್ತು ಡಾನ್ ಬುಕ್ಲಾ ಪ್ರತ್ಯೇಕವಾಗಿ ಮಾಡ್ಯುಲರ್ ಸಿಂಥಸೈಜರ್‌ಗಳನ್ನು ರೂಪಿಸಿದರು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಒಂದು ಮೋಗ್ ವಾದ್ಯ ಬಂತು. 1990ರ ದಶಕದ ಮಧ್ಯದಲ್ಲಿ ಜರ್ಮನಿಯ ಡೀಟರ್ ಡಾಪ್ಫರ್ ಹೊರತಂದ ಎ-100 ವ್ಯವಸ್ಥೆಯಿಂದ ಯೂರೋರ್‍ಯಾಕ್ ಮಾದರಿ ಬೆಳೆಯಿತು. ಇದರ ಮಾಡ್ಯೂಲ್‌ಗಳ ಎತ್ತರ 128.5 ಮಿ.ಮೀ.; ಅಗಲವನ್ನು 5.08 ಮಿ.ಮೀ. ಘಟಕಗಳಲ್ಲಿ ಎಣಿಸುತ್ತಾರೆ. ಅಳತೆ ಒಂದೇ ಆದ್ದರಿಂದ ಬೇರೆ ಬೇರೆ ತಯಾರಕರ ಮಾಡ್ಯೂಲ್‌ಗಳು ಒಂದೇ ಪೆಟ್ಟಿಗೆಯಲ್ಲಿ ಕೂರುತ್ತವೆ.

ಪ್ರಮಾಣದ ಹತೋಟಿ

ಯೂರೋರ್‍ಯಾಕ್‌ನಲ್ಲಿ 1 ವೋಲ್ಟ್ ಏರಿದರೆ ಶ್ರುತಿ ಒಂದು ಸ್ಥಾಯಿ ಏರುತ್ತದೆ. ಒಂದು ಸ್ವರಸ್ಥಾನದ ಅಂತರ ಸುಮಾರು 83 ಮಿಲಿವೋಲ್ಟ್. ಹೀಗಾಗಿ -5ರಿಂದ +5 ವೋಲ್ಟ್‌ವರೆಗೆ ನಿಧಾನವಾಗಿ ತೂಗುವ ಆಸಿಲೇಟರ್ ಆದ ಎಲ್‌ಎಫ್‌ಓವನ್ನು ನೇರವಾಗಿ ಶ್ರುತಿಗೆ ಜೋಡಿಸಿದರೆ ಸ್ವರ ಹತ್ತು ಸ್ಥಾಯಿಗಳುದ್ದಕ್ಕೂ ಹೊಯ್ದಾಡುತ್ತದೆ. ನಡುವೆ ಅಟೆನ್ಯುಯೇಟರ್ ಇಟ್ಟು ವೋಲ್ಟೇಜ್ ತಗ್ಗಿಸಿದಾಗಲೇ ಅದು ಹಿತವಾದ ಕಂಪನವಾಗುವುದು. ಅಟೆನ್ಯುವರ್ಟರ್ ತಗ್ಗಿಸುವುದರ ಜೊತೆಗೆ ತಲೆಕೆಳಗೂ ಮಾಡುತ್ತದೆ: ಸ್ವರ ಮೊಳಗಿದಾಗ ಏರಿ ಇಳಿಯುವ ವೋಲ್ಟೇಜಾದ ಒಂದೇ ಎನ್ವಲಪ್‌ನಿಂದ ಫಿಲ್ಟರ್ ತೆರೆಯುತ್ತಿರುವಾಗಲೇ ಶ್ರುತಿಯನ್ನು ಇಳಿಸಬಹುದು. ಆಫ್‌ಸೆಟ್ ಸ್ಥಿರ ವೋಲ್ಟೇಜ್ ಕೂಡಿಸಿ, ಸೊನ್ನೆಯ ಕೆಳಗಿರುವ ಅಲೆಯನ್ನು ಮೇಲಕ್ಕೆತ್ತುತ್ತದೆ.

ವಿಸಿಎ ಎಂಬುದು ವೋಲ್ಟೇಜಿನಿಂದಲೇ ತಿರುಗುವ ಅಟೆನ್ಯುಯೇಟರ್. ಡಿಸಿ (ಸ್ಥಿರ) ವೋಲ್ಟೇಜನ್ನೂ ದಾಟಿಸಬಲ್ಲ ವಿಸಿಎಯಿಂದ ಎಲ್‌ಎಫ್‌ಓವನ್ನು ಶ್ರುತಿಗೆ ಹಾಯಿಸಿ, ಆ ವಿಸಿಎಯನ್ನು ನಿಧಾನವಾಗಿ ಏರುವ ಎನ್ವಲಪ್‌ಗೆ ಒಪ್ಪಿಸಿದರೆ, ಸ್ವರ ಮೊದಲು ನೇರವಾಗಿ ನಿಂತು ಆಮೇಲೆ ಕಂಪಿಸತೊಡಗುತ್ತದೆ. ಯಂತ್ರದ ನಾದಕ್ಕೆ ಜೀವ ಬರುವುದು ಇಂಥ ಕಡೆಗಳಲ್ಲಿ.

ಹಂಚಿಕೆ

ಮಲ್ಟಿಪಲ್ ಒಂದು ಸಂಕೇತವನ್ನು ಹಲವು ಕಡೆಗೆ ಒಯ್ಯುತ್ತದೆ. ಬರೀ ತಂತಿಯಿಂದಾದ ಮಲ್ಟಿಪಲ್ ಹೆಚ್ಚಿನ ಕೆಲಸಗಳಿಗೆ ಸಾಕು. ಆದರೆ ಶ್ರುತಿಯ ವೋಲ್ಟೇಜ್ ಹಲವು ಆಸಿಲೇಟರ್‌ಗಳಿಗೆ ಹೋಗುವಾಗ ಕೊಂಚ ಕುಸಿದರೂ ಅಪಶ್ರುತಿ ಕೇಳಿಸುತ್ತದೆ: 10 ಮಿಲಿವೋಲ್ಟ್ ಕುಸಿತವೆಂದರೆ 12 ಸೆಂಟ್ (ಒಂದು ಸ್ವರಸ್ಥಾನದ ಅಂತರದ ನೂರರಲ್ಲಿ ಹನ್ನೆರಡು ಪಾಲು) ಇಳಿಕೆ. ಅಲ್ಲಿ ಬಫರ್ ಇರುವ ಮಲ್ಟಿಪಲ್ ಬೇಕು.

ಲಯ ಮತ್ತು ಸ್ವರ

ಕ್ಲಾಕ್ ಡಿವೈಡರ್ ಒಂದೇ ಮಿಡಿತದಿಂದ ಎರಡಕ್ಕೊಮ್ಮೆ, ಮೂರಕ್ಕೊಮ್ಮೆ ಬೀಳುವ ಪೆಟ್ಟುಗಳನ್ನು ತೆಗೆಯುತ್ತದೆ. ಆ ಎರಡನ್ನೂ ಲಾಜಿಕ್ ಮಾಡ್ಯೂಲ್‌ನ 'ಆರ್' ದ್ವಾರಕ್ಕೆ ಕೊಟ್ಟರೆ ಆರು ಮಿಡಿತಗಳ ಆವರ್ತದಲ್ಲಿ 2, 3, 4, 6ನೆಯವು ಕೇಳಿಸುತ್ತವೆ. 'ಆಂಡ್' ದ್ವಾರಕ್ಕೆ ಕೊಟ್ಟರೆ ಆರನೆಯದು ಮಾತ್ರ. ಸ್ಯಾಂಪಲ್ ಆಂಡ್ ಹೋಲ್ಡ್, ಗದ್ದಲದ ಸಂಕೇತದಿಂದ ಪ್ರತಿ ಮಿಡಿತಕ್ಕೂ ಒಂದು ವೋಲ್ಟೇಜ್ ಹಿಡಿದು ನಿಲ್ಲಿಸುತ್ತದೆ. ಕ್ವಾಂಟೈಜರ್ ಅದನ್ನು ಹತ್ತಿರದ ಸ್ವರಕ್ಕೆ ಕೂರಿಸುತ್ತದೆ. ಸ್ಲೂ ಲಿಮಿಟರ್ ಸ್ವರದಿಂದ ಸ್ವರಕ್ಕೆ ಜಾರಿಸುತ್ತದೆ. ಸೀಕ್ವೆನ್ಷಿಯಲ್ ಸ್ವಿಚ್ ಎಂಟು ಹಂತದ ಎರಡು ಸಾಲುಗಳನ್ನು ಹದಿನಾರು ಹಂತದ ಒಂದು ಸಾಲಾಗಿಸುತ್ತದೆ.

ಆಯ್ಕೆ ಮತ್ತು ಎಚ್ಚರಿಕೆ

ತಂತಿಯ ಮಲ್ಟಿಪಲ್, ಪೊಟೆನ್ಷಿಯೋಮೀಟರ್ ಒಂದೇ ಇರುವ ಅಟೆನ್ಯುಯೇಟರ್, ಡಯೋಡ್‌ಗಳ 'ಆರ್' ದ್ವಾರ ಇವಕ್ಕೆ ವಿದ್ಯುತ್ತೇ ಬೇಡ. ಬೆಸುಗೆ ಬಲ್ಲವರು ಮನೆಯಲ್ಲೇ ಕಟ್ಟಿಕೊಳ್ಳಬಹುದು. ವಿದ್ಯುತ್ ಬೇಕಾದ ಮಾಡ್ಯೂಲ್‌ಗಳನ್ನು ಪೂರೈಕೆ ಆರಿಸಿಯೇ ಜೋಡಿಸಬೇಕು. ರಿಬ್ಬನ್ ಕೇಬಲ್‌ನ ಕೆಂಪು ಅಂಚು -12 ವೋಲ್ಟ್ ಬದಿಗೆ ಬರುವುದು ವಾಡಿಕೆ. ತಿರುವುಮುರುವಾದರೆ ಮಾಡ್ಯೂಲ್ ಸುಟ್ಟುಹೋಗಬಹುದು.

ಮೊದಲಿಗೆ ವಿಸಿಎ, ಅಟೆನ್ಯುವರ್ಟರ್, ಸಂಕೇತಗಳನ್ನು ಕೂಡಿಸುವ ಮಿಕ್ಸರ್, ಮಲ್ಟಿಪಲ್ ಇದ್ದರೆ ಸಾಕು. ಇನ್ನೊಂದು ಆಸಿಲೇಟರ್ ಕೊಳ್ಳುವ ಮೊದಲು ಇವನ್ನು ಕೊಳ್ಳುವುದೇ ಜಾಣತನ. ಅದಕ್ಕೂ ಮೊದಲು ವಿಸಿವಿ ರ್‍ಯಾಕ್ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ ಈ ಜೋಡಣೆಗಳನ್ನೆಲ್ಲ ಕಂಪ್ಯೂಟರಿನಲ್ಲೇ ಮಾಡಿ ಕೇಳಬಹುದು.