ಕಾರಿನ ದೂರು, ಕಂಪನಿಯ ನಿಘಂಟು

1996ರಲ್ಲಿ ಒಂದಕ್ಕೊಂದು ನೇರ ಸಂಬಂಧವಿಲ್ಲದ ಎರಡು ಸಂಗತಿಗಳು ನಡೆದವು. ವಡೋದರಾದ ಹತ್ತಿರದ ಹಾಲೋಲ್‌ನಲ್ಲಿ ಜನರಲ್ ಮೋಟರ್ಸ್‌ನ ಓಪೆಲ್ ಆಸ್ಟ್ರಾ ಕಾರುಗಳು ತಯಾರಾಗತೊಡಗಿದವು. ಅದೇ ವರ್ಷ ಅಮೆರಿಕದಲ್ಲಿ ಓಬಿಡಿ-2 ನಿಯಮ ಕಡ್ಡಾಯವಾಯಿತು: ಯಾವ ಕಂಪನಿಯ ಹೊಸ ಕಾರಾದರೂ ಎಂಜಿನ್ನಿನ ಹೊಗೆಗೆ ಸಂಬಂಧಿಸಿದ ದೋಷಗಳನ್ನು ಒಂದೇ ಬಗೆಯ ಸಾಕೆಟ್ಟಿನಲ್ಲಿ, ಎಲ್ಲರಿಗೂ ಅರ್ಥವಾಗುವ ಸಂಕೇತಗಳಲ್ಲಿ ಹೇಳಬೇಕು. ಇವತ್ತು ಅಹಮದಾಬಾದಿನಲ್ಲೋ ಸೂರತ್ತಿನಲ್ಲೋ ಒಂದು ಸ್ಪೋರ್ಟ್ಸ್ ಕಾರು ಸಸ್ಪೆನ್ಶನ್ ದೀಪ ಹೊತ್ತಿಸಿಕೊಂಡು ನಿಂತರೆ ಹೊರಗಿನ ಗ್ಯಾರೇಜಿನವರು ಯಾಕೆ ಹಿಂಜರಿಯುತ್ತಾರೆ ಎಂಬ ಪ್ರಶ್ನೆಗೆ ಈ ಎರಡು ಸಂಗತಿಗಳಲ್ಲಿ ಉತ್ತರವಿದೆ.

ಕಾರು ತನ್ನ ಕಾಯಿಲೆಯನ್ನು ತಾನೇ ಹೇಳಿಕೊಳ್ಳುವುದು ಹಳೆಯ ರೂಢಿಯಲ್ಲ. ಅಂಬಾಸಡರ್ ಕಾಲದ ಮೆಕ್ಯಾನಿಕ್ ಕಾರನ್ನು ಮೂಲೆಯಲ್ಲಿ ಒತ್ತಿ ಬಿಟ್ಟು, ಅದು ಎಷ್ಟು ಸಲ ಕುಣಿಯಿತು ಎಂದು ನೋಡಿ ಶಾಕ್ ಅಬ್ಸಾರ್ಬರಿನ ಸ್ಥಿತಿ ಹೇಳುತ್ತಿದ್ದ. 1981ರಲ್ಲಿ ಜನರಲ್ ಮೋಟರ್ಸ್ ಅಮೆರಿಕದ ತನ್ನ ಬಹುತೇಕ ಕಾರುಗಳಿಗೆ ಎಂಜಿನ್ ಕಂಪ್ಯೂಟರ್ ಅಳವಡಿಸಿತು. ಡ್ಯಾಷ್‌ಬೋರ್ಡಿನ ಕೆಳಗಿನ ಸಾಕೆಟ್ಟಿನ ಎರಡು ತೂತುಗಳನ್ನು ತಂತಿಯ ತುಂಡಿನಿಂದ ಜೋಡಿಸಿದರೆ ದೀಪ ಮಿನುಗುತ್ತಿತ್ತು. ಒಂದು ಮಿನುಗು, ಸ್ವಲ್ಪ ಬಿಡುವು, ಮತ್ತೆ ಎರಡು ಮಿನುಗು ಅಂದರೆ 12. ತಂತಿಯೊಂದಿದ್ದರೆ ಯಾರು ಬೇಕಾದರೂ ಓದಬಹುದಾದ ಭಾಷೆ ಅದು.

ಸಸ್ಪೆನ್ಶನ್ನಿಗೆ ಎಲೆಕ್ಟ್ರಾನಿಕ್ಸ್ ಬಂದದ್ದು ಆಮೇಲೆ. ಅದೇ ಕಂಪನಿಯ ಕಾರ್ವೆಟ್ ಸ್ಪೋರ್ಟ್ಸ್ ಕಾರಿನಲ್ಲಿ 1989ರಿಂದ ಶಾಕ್ ಅಬ್ಸಾರ್ಬರಿನ ಬಿಗಿಯನ್ನು ಗುಂಡಿ ತಿರುಗಿಸಿ ಬದಲಿಸಬಹುದಿತ್ತು. 2003ರ ಕಾರ್ವೆಟ್ಟಿಗೆ ಇನ್ನೂ ಮುಂದಿನ ವಿದ್ಯೆ ಬಂತು: ಕಬ್ಬಿಣದ ಸೂಕ್ಷ್ಮ ಕಣಗಳಿರುವ ಎಣ್ಣೆಯ ಮೂಲಕ ಚಲಿಸುವ ಪಿಸ್ಟನ್ನಿನಲ್ಲಿ ವಿದ್ಯುತ್ ಸುರುಳಿ. ಕರೆಂಟು ಹರಿದೊಡನೆ ಕಣಗಳು ಸಾಲುಗಟ್ಟಿ ಎಣ್ಣೆ ಬಿಗಿಯಾಗುತ್ತದೆ; ನಿಂತೊಡನೆ ಸಡಿಲವಾಗುತ್ತದೆ. ಇಂಥ ಶಾಕ್ ಅಬ್ಸಾರ್ಬರನ್ನು ಕೈಯಲ್ಲಿ ಒತ್ತಿ ನೋಡಿದರೆ ಏನೂ ತಿಳಿಯದು.

ಇನ್ನು ಸಂಕೇತಗಳ ವ್ಯಾಕರಣ. ಮೊದಲ ಅಕ್ಷರ ಕಾರಿನ ಅಂಗವನ್ನು ಹೇಳುತ್ತದೆ: ಪಿ ಅಂದರೆ ಎಂಜಿನ್ ಮತ್ತು ಗೇರು, ಬಿ ಅಂದರೆ ಬಾಡಿ, ಸಿ ಅಂದರೆ ಬ್ರೇಕು, ಸಸ್ಪೆನ್ಶನ್ನು, ಸ್ಟೀರಿಂಗು, ಯು ಅಂದರೆ ಕಂಪ್ಯೂಟರುಗಳ ನಡುವಿನ ಮಾತುಕತೆ. ಮುಂದಿನ ಅಂಕಿ ಸೊನ್ನೆಯಾದರೆ ಅರ್ಥ ಎಲ್ಲ ಕಂಪನಿಗಳಿಗೂ ಒಂದೇ. ಒಂದಾದರೆ ಕಂಪನಿಯೇ ಕೊಟ್ಟ ಅರ್ಥ. ಅದರ ನಿಘಂಟು ಕಂಪನಿಯಲ್ಲೇ ಇರುತ್ತದೆ. ಕಾನೂನಿಗೆ ಬೇಕಿದ್ದದ್ದು ಹೊಗೆಯ ಲೆಕ್ಕ. ಸಸ್ಪೆನ್ಶನ್ ಹೊಗೆ ಬಿಡುವುದಿಲ್ಲ. ಹಾಗಾಗಿ ಅದರ ಸಂಕೇತಗಳನ್ನು ತೆರೆದಿಡಬೇಕೆಂಬ ಒತ್ತಾಯವೂ ಬರಲಿಲ್ಲ. ಭಾರತದಲ್ಲಿ ಭಾರತ್ ಸ್ಟೇಜ್-4ರ ಜೊತೆ 2010ರಲ್ಲಿ ಓಬಿಡಿ-1, 2013ರಲ್ಲಿ ಓಬಿಡಿ-2 ಬಂದಾಗಲೂ ಅದೇ ಮಿತಿ ಉಳಿಯಿತು. ಅಗ್ಗದ ಸ್ಕ್ಯಾನರು ಎಷ್ಟೋ ಸಲ ಎಂಜಿನ್ನಿನ ಸಂಕೇತ ಓದಿ, ಸಸ್ಪೆನ್ಶನ್ ಎಂದೊಡನೆ ಸುಮ್ಮನಾಗುವುದು ಇದರಿಂದಲೇ.

ನಿಘಂಟು ಸಿಕ್ಕರೂ ಕೆಲಸ ಮುಗಿಯದು. 'ಮುಂದಿನ ಎಡ ಶಾಕ್ ಅಬ್ಸಾರ್ಬರಿನ ಸರ್ಕಿಟ್ಟಿನಲ್ಲಿ ದೋಷ' ಎಂಬ ಸಂಕೇತ ಶಾಕ್ ಅಬ್ಸಾರ್ಬರ್ ಕೆಟ್ಟಿದೆ ಎನ್ನುವುದಿಲ್ಲ. ಆ ದಾರಿಯಲ್ಲಿ ಎಲ್ಲೋ ಕರೆಂಟು ತಪ್ಪಿದೆ ಎನ್ನುತ್ತದೆ, ಅಷ್ಟೆ. ಸುರುಳಿ, ತಂತಿ, ಕನೆಕ್ಟರು, ಕಂಟ್ರೋಲರು, ಯಾವುದೂ ಆಗಬಹುದು. ಸೊರಗಿದ ಬ್ಯಾಟರಿಯೂ ಸುಳ್ಳು ದೂರು ಹೇಳಿಸಬಲ್ಲದು. ಬಲ್ಲವರು ಮೊದಲು ಬ್ಯಾಟರಿಯ ವೋಲ್ಟೇಜು ನೋಡುತ್ತಾರೆ. ಎಲ್ಲ ಸಂಕೇತಗಳನ್ನೂ ಬರೆದಿಟ್ಟು, ಅಳಿಸಿ, ಕಾರು ಓಡಿಸಿ, ಮರಳಿ ಬಂದದ್ದನ್ನು ಮಾತ್ರ ಬೆನ್ನು ಹತ್ತುತ್ತಾರೆ. ಕನೆಕ್ಟರು ಬಿಚ್ಚಿ ಕಿಲುಬು ಹುಡುಕುತ್ತಾರೆ, ಸುರುಳಿಯ ರೆಸಿಸ್ಟೆನ್ಸ್ ಅಳೆದು ಬಲಗಡೆಯದಕ್ಕೆ ಹೋಲಿಸುತ್ತಾರೆ. ಬಿಡಿಭಾಗ ಬದಲಿಸುವ ಮಾತು ಕೊನೆಗೆ.

ಗುಜರಾತಿನ ಹವೆಯೂ ಈ ಹುಡುಕಾಟದಲ್ಲಿ ಪಾಲುದಾರ. ಅಹಮದಾಬಾದಿನಲ್ಲಿ 2016ರ ಮೇ 20ರಂದು ಉಷ್ಣಾಂಶ 48 ಡಿಗ್ರಿ ಮುಟ್ಟಿತ್ತು. ಬಿಸಿಲಿಗೆ ಏರ್ ಸಸ್ಪೆನ್ಶನ್ನಿನ ರಬ್ಬರು ಬೇಗ ಮುಪ್ಪಾಗುತ್ತದೆ. ಸೂರತ್ತನ್ನು 2006ರ ಆಗಸ್ಟಿನಲ್ಲಿ ತಾಪಿ ನದಿಯ ನೆರೆ ಮುಳುಗಿಸಿತ್ತು. ಕಾರಿನ ಎತ್ತರ ಅಳೆಯುವ ಸೆನ್ಸರುಗಳು ಚಕ್ರದ ಬಳಿಯೇ ಇರುವುದರಿಂದ ನೀರು ನಿಂತ ರಸ್ತೆಯಲ್ಲಿ ಮೊದಲ ಪೆಟ್ಟು ಅವಕ್ಕೇ.

ನಿಘಂಟು ಯಾರದು ಎಂಬ ಜಗಳ ದೆಹಲಿಗೂ ಹೋಯಿತು. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗ, ರಿಪೇರಿ ಕೈಪಿಡಿ, ದೋಷ ಪತ್ತೆಯ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದೇ ದೂರಿನ ತಿರುಳು. ಆ 14ರಲ್ಲಿ ಹಾಲೋಲ್‌ನ ಜನರಲ್ ಮೋಟರ್ಸ್ ಇತ್ತು. ಅಹಮದಾಬಾದಿನ ಪಕ್ಕದ ಸಾನಂದದಲ್ಲಿ ಆಗ ಕಾರ್ಖಾನೆ ಕಟ್ಟುತ್ತಿದ್ದ ಫೋರ್ಡ್ ಕೂಡ ಇತ್ತು. ಕಂಪನಿಗಳು ಮೇಲ್ಮನವಿಗೆ ಹೋದವು.

ಅಷ್ಟರಲ್ಲಿ ಕಂಪನಿಗಳೇ ಹೊರಟವು. ಹಾಲೋಲ್‌ನಲ್ಲಿ ಜನರಲ್ ಮೋಟರ್ಸ್‌ನ ಕೆಲಸ 2017ರ ಏಪ್ರಿಲಿನಲ್ಲಿ ನಿಂತಿತು. ಆ ವರ್ಷದ ಕೊನೆಗೆ ದೇಶದಲ್ಲಿ ಅದರ ಮಾರಾಟವೂ ಮುಗಿಯಿತು. 2021ರಲ್ಲಿ ಫೋರ್ಡ್ ಸಾನಂದದಲ್ಲಿ ಕಾರು ತಯಾರಿ ನಿಲ್ಲಿಸಿತು. ಕಾರುಗಳು ರಸ್ತೆಯಲ್ಲೇ ಉಳಿದವು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿಯ ಹಕ್ಕು' ಪೋರ್ಟಲ್ ತೆರೆದಾಗ ವಾಹನಗಳಿಗೂ ಅದರಲ್ಲಿ ಜಾಗ ಸಿಕ್ಕಿತು. ಒಂದು ಕಾರು ತನ್ನ ಕಂಪನಿಗಿಂತ ಹೆಚ್ಚು ಕಾಲ ಒಂದು ಊರಿನಲ್ಲಿ ಬಾಳಬಹುದು ಎಂಬುದನ್ನು ಗುಜರಾತ್ ಎರಡು ಸಲ ಕಂಡಿದೆ. ಸಿ-ಒಂದರಿಂದ ಶುರುವಾಗುವ ಸಂಕೇತಗಳ ಅರ್ಥ ಕಾರು ಕೊಂಡವನ ಕೈಗೂ ಸಿಗಬೇಕು ಎಂಬ ಬೇಡಿಕೆಗೆ ಅದಕ್ಕಿಂತ ಬಲವಾದ ಕಾರಣ ಬೇಕಿಲ್ಲ.