ಬೂದು ಫರ್ಗುಸನ್ನಿಗೆ ಕಾರಿನ ಪಿಸ್ಟನ್

ಹಳೆಯ ಯಂತ್ರಗಳ ಹುಚ್ಚು ಹಿಡಿದವರಲ್ಲಿ ಎರಡು ಪಂಗಡ. ಕಾರ್ಖಾನೆ ಬಿಟ್ಟ ದಿನ ಹೇಗಿತ್ತೋ ಹಾಗೇ ಇರಬೇಕು, ಒಂದು ಬೋಲ್ಟು ಬದಲಾದರೂ ಮೈಲಿಗೆ ಎನ್ನುವವರು ಒಂದು ಕಡೆ. ಓಡಿದರೆ ಸಾಕಪ್ಪ ಎನ್ನುವವರು ಇನ್ನೊಂದು ಕಡೆ. ಮಲೆನಾಡಿನ ಕಾಫಿ ತೋಟವೊಂದರ ಶೆಡ್ಡಿನಿಂದ ನಾನು ತಂದ ಫರ್ಗುಸನ್ ಟ್ರಾಕ್ಟರಿನ ಎಂಜಿನ್ ಬಿಚ್ಚಿದಾಗ ಈ ಜಗಳ ನನ್ನ ಮನೆಯಂಗಳಕ್ಕೇ ಬಂತು. ನಾಲ್ಕು ಲೈನರುಗಳಲ್ಲಿ ಎರಡು ತುಕ್ಕು ತಿಂದು ತೂತಾಗಿದ್ದವು. 80 ಮಿ.ಮೀ. ಅಳತೆಯ ಹೊಸ ಲೈನರು, ಪಿಸ್ಟನ್ನು ಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಅಂಗಡಿಯವರು ನನ್ನನ್ನೇ ವಸ್ತುಸಂಗ್ರಹಾಲಯದಿಂದ ಬಂದವನಂತೆ ನೋಡಿದರು. ಗಾಡಿ ಕೊಳ್ಳಲು ಮುಂದೆ ಬಂದಿದ್ದ ಸಂಗ್ರಾಹಕರೊಬ್ಬರದು ಒಂದೇ ಷರತ್ತು: ಎಲ್ಲ ಒರಿಜಿನಲ್ ಇರಬೇಕು.

ಒರಿಜಿನಲ್ ಅಂದರೆ ಯಾವುದು ಎಂದು ಹುಡುಕಲು ಹೊರಟರೆ ಈ ಟ್ರಾಕ್ಟರಿನ ಇತಿಹಾಸವೇ ತಮಾಷೆಯಾಗಿದೆ.

ಐರ್ಲೆಂಡಿನ ಹ್ಯಾರಿ ಫರ್ಗುಸನ್ ಮತ್ತು ಹೆನ್ರಿ ಫೋರ್ಡ್ 1938ರಲ್ಲಿ ಕೈಕುಲುಕಿ ಮಾಡಿಕೊಂಡ ಬಾಯಿಮಾತಿನ ಒಪ್ಪಂದದಿಂದ ಮರುವರ್ಷ ಫೋರ್ಡ್ 9ಎನ್ ಟ್ರಾಕ್ಟರ್ ಬಂತು. ಅದರ ಎಂಜಿನ್ ಫೋರ್ಡ್ ಕಂಪನಿಯ ಒಂದು ವಿ-8 ಕಾರು ಎಂಜಿನ್ನಿನ ಹೆಚ್ಚುಕಮ್ಮಿ ಅರ್ಧಭಾಗ. ಬಿಡಿಭಾಗಗಳಲ್ಲಿ ಎಷ್ಟೋ ಕಾರಿನವೇ. ಮುಂದೆ ಆ ಸ್ನೇಹ ಮುರಿದು ಕೋರ್ಟು ಹತ್ತಿತು, 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು. ಅಷ್ಟರಲ್ಲಿ ಫರ್ಗುಸನ್ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯ ಸರ್ ಜಾನ್ ಬ್ಲ್ಯಾಕ್ ಜೊತೆ ಸೇರಿದ್ದರು. ಯುದ್ಧಕಾಲದಲ್ಲಿ ವಿಮಾನದ ಎಂಜಿನ್ ತಯಾರಿಸಿದ್ದ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ 1946ರಿಂದ ಟಿಇ-20 ತಯಾರಾಗತೊಡಗಿತು. ಹತ್ತು ವರ್ಷಗಳಲ್ಲಿ 5 ಲಕ್ಷಕ್ಕೂ ಹೆಚ್ಚು. ಬೂದು ಬಣ್ಣದ ಈ ಪುಟ್ಟ ಗಾಡಿಯ ಮೇಲೆಯೇ ಎಡ್ಮಂಡ್ ಹಿಲರಿ 1958ರ ಜನವರಿಯಲ್ಲಿ ದಕ್ಷಿಣ ಧ್ರುವ ಮುಟ್ಟಿದ್ದು.

ಮೊದಲ ಟಿಇ-20ಗಳಲ್ಲಿ ಸ್ಟ್ಯಾಂಡರ್ಡ್ ಕಂಪನಿಯ ಎಂಜಿನ್ ಇರಲಿಲ್ಲ, ಯಾಕೆಂದರೆ ಅದಿನ್ನೂ ತಯಾರಾಗಿರಲಿಲ್ಲ. ಅಮೆರಿಕದಿಂದ ಕಾಂಟಿನೆಂಟಲ್ ಝಡ್-120 ತರಿಸಿ ಕೂರಿಸಿದರು. ಹುಟ್ಟುವಾಗಲೇ ಬದಲಿ ಎಂಜಿನ್! ಆಮೇಲೆ ಬಂದ ಸ್ಟ್ಯಾಂಡರ್ಡ್ ಎಂಜಿನ್ ಆದರೂ ಟ್ರಾಕ್ಟರಿಗೆಂದೇ ಮೀಸಲಾದದ್ದಲ್ಲ. ಅದೇ ಮೂಲ ವಿನ್ಯಾಸ ವ್ಯಾನ್‌ಗಾರ್ಡ್ ಕಾರಿಗೂ ಹೋಯಿತು, ಮುಂದೆ ಟ್ರಯಂಫ್ ಟಿಆರ್-2 ಸ್ಪೋರ್ಟ್ಸ್ ಕಾರಿಗೂ. ಪಿಸ್ಟನ್ನಿನ ಓಡಾಟ ಮೂರರಲ್ಲೂ 92 ಮಿ.ಮೀ. ಸಿಲಿಂಡರಿನ ಅಗಲ ಮಾತ್ರ ಬೇರೆ: ಆರಂಭದ ಟ್ರಾಕ್ಟರಿಗೆ 80, ಟಿಆರ್-2ಕ್ಕೆ 83, ವ್ಯಾನ್‌ಗಾರ್ಡಿಗೂ 1951ರ ನಂತರದ ಟ್ರಾಕ್ಟರಿಗೂ 85.

ಇದು ಸಾಧ್ಯವಾದದ್ದು ಒದ್ದೆ ಲೈನರಿನಿಂದ. ಸಿಲಿಂಡರನ್ನು ಬ್ಲಾಕಿನಲ್ಲೇ ಕೊರೆಯದೆ, ಎರಕದ ಕೊಳವೆಯೊಂದನ್ನು ಬ್ಲಾಕಿನೊಳಗೆ ಇಳಿಸುತ್ತಾರೆ. ತಂಪು ನೀರು ನೇರವಾಗಿ ಅದರ ಬೆನ್ನಿಗೇ ತಾಗುತ್ತದೆ. ಸವೆದರೆ ಕೊಳವೆ ಕಿತ್ತು ಬೇರೆ ಇಳಿಸಿದರಾಯಿತು. ಕೆಳಗೆ ಇಂಗ್ಲಿಷಿನ ಎಂಟರ ಆಕಾರದ ತೆಳು ಗ್ಯಾಸ್ಕೆಟ್. ಮೇಲೆ ಲೈನರಿನ ಅಂಚು ಬ್ಲಾಕಿಗಿಂತ ಇಂಚಿನ ಸಾವಿರದ 3ರಿಂದ 5 ಪಾಲಿನಷ್ಟು ಎದ್ದು ನಿಲ್ಲಬೇಕು. ತಗ್ಗಾದರೆ ಹೆಡ್ ಗ್ಯಾಸ್ಕೆಟ್ ಬಿಗಿಯಾಗಿ ಕೂರುವುದಿಲ್ಲ, ಅಡಿಯ ಗ್ಯಾಸ್ಕೆಟ್ ಮೇಲೂ ಒತ್ತಡ ಬೀಳದೆ ನೀರು ಎಣ್ಣೆಗೆ ಇಳಿಯುತ್ತದೆ. ಬದಲಿ ಭಾಗದ ಭವಿಷ್ಯವೆಲ್ಲ ಆ ಕೂದಲೆಳೆಯಲ್ಲಿ.

ವ್ಯಾನ್‌ಗಾರ್ಡ್ ಮದರಾಸಿನಲ್ಲೂ ತಯಾರಾಗುತ್ತಿತ್ತು. ಆ ಜಾಡು ಹಿಡಿದೇ ಚೆನ್ನೈಗೆ ಹೋದೆ. ಗುಜರಿಯ ಪುದುಪೇಟೆಯಲ್ಲಿ ಅರ್ಧ ದಿನ, ಜಿ.ಪಿ. ರಸ್ತೆಯಲ್ಲಿ ಅರ್ಧ ದಿನ. ಕೊನೆಗೆ ಹಿರಿಯ ವ್ಯಾಪಾರಿಯೊಬ್ಬರು ಅಟ್ಟದಿಂದ ಗ್ರೀಸು ಮೆತ್ತಿದ ಕಾಗದದ ಗಂಟು ಇಳಿಸಿದರು. 85 ಮಿ.ಮೀ. ಲೈನರು, ಪಿಸ್ಟನ್ನು, ಪೂರ್ತಿ ನಾಲ್ಕರ ಸೆಟ್ಟು. ಟ್ರಾಕ್ಟರಿಗೆ ಎಂದೆ. ಅವರು ಹುಬ್ಬೂ ಹಾರಿಸಲಿಲ್ಲ. ಆಮದು ಕಟ್ಟುನಿಟ್ಟಾಗಿದ್ದ ಕಾಲವನ್ನು ಕಂಡವರಿಗೆ ಪಾರ್ಟ್ ನಂಬರಿಗಿಂತ ಮೈಕ್ರೋಮೀಟರಿನ ಮೇಲೆ ನಂಬಿಕೆ ಹೆಚ್ಚು.

ಹಾಗಂತ ಎಲ್ಲವೂ ಅದಲುಬದಲಾಗುವುದಿಲ್ಲ. ಫರ್ಗುಸನ್ನಿಗೆ ಚಾಸಿಸ್ ಇಲ್ಲ. ಎಂಜಿನ್ನೇ ಅದರ ಬೆನ್ನುಮೂಳೆ, ಮುಂದಿನ ಆಕ್ಸಲಿನ ಭಾರವೆಲ್ಲ ಅದರ ಮೇಲೆ. ಕಾರಿನ ಬ್ಲಾಕ್ ತಂದು ಹಾಗೇ ಕೂರಿಸುವುದು ಆಗದ ಮಾತು. ಡೀಸೆಲ್ ಫರ್ಗುಸನ್ನಿನದು ಬೇರೆಯೇ ಜಾತಿ, ಅದರ ಲೈನರು ಇಲ್ಲಿಗೆ ಬಾರದು. ಟಿಆರ್-2ರ ಎಂಜಿನ್ 8.5ರ ಕಂಪ್ರೆಷನ್ನಿನದು, ಉಳುವ ಗಾಡಿಗೆ ಆ ಅವಸರ ಯಾಕೆ?

ನಮ್ಮೂರ ಮೇಸ್ತ್ರಿ ಲೈನರುಗಳನ್ನು ಇಳಿಸಿ, ಮೇಲೆ ಉಕ್ಕಿನ ಪಟ್ಟಿಯಿಟ್ಟು, ಸಂದಿಗೆ ಫೀಲರ್ ಗೇಜ್ ತೂರಿಸಿ ನೋಡಿದರು. ಮೂರು ಸರಿ, ಒಂದು ತಗ್ಗು. ಅಡಿಯ ಗ್ಯಾಸ್ಕೆಟ್ ಬದಲಿಸಿದ ಮೇಲೆ ಅದೂ ಎದ್ದು ನಿಂತಿತು. ಸಂಗ್ರಾಹಕರಿಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದೆ: 1,850 ಸಿ.ಸಿ. ಎಂಜಿನ್ ಈಗ 2,088 ಸಿ.ಸಿ. ಆಗಿದೆ ಎಂದು. "ಹಾಗಾದರೆ ಬೇಡ" ಎಂದರು. ಸಣ್ಣ ಮೊತ್ತವೇನಲ್ಲ, ಹೊಟ್ಟೆ ಉರಿಯಿತು. ಆದರೆ ಕಾಂಟಿನೆಂಟಲ್ ಎಂಜಿನ್ ಹೊತ್ತು ಕವೆಂಟ್ರಿಯಿಂದ ಹೊರಟ ಗಾಡಿಗಳನ್ನು ಅವರು ಯಾವ ಸಾಲಿನಲ್ಲಿ ನಿಲ್ಲಿಸುತ್ತಾರೋ, ಕೇಳಬೇಕೆನಿಸಿತು, ಕೇಳಲಿಲ್ಲ.

ಮೂರು ದಿನ ಓಡಿಸಿದ ಮೇಲೆ ಡಿಪ್‌ಸ್ಟಿಕ್ ಎಳೆದು ನೋಡಿದೆವು. ಎಣ್ಣೆಯಲ್ಲಿ ಹಾಲಿನ ಬಿಳುಪು ಕಾಣಲಿಲ್ಲ. ಮೇಸ್ತ್ರಿ ಬಾನೆಟ್ಟಿನ ಒಳಮೈಗೆ ಬಿಳಿ ಬಣ್ಣದಲ್ಲಿ ದಪ್ಪಗೆ ಬರೆದರು: "85 ಮಿ.ಮೀ., ವ್ಯಾನ್‌ಗಾರ್ಡ್". ಮುಂದೆ ಬಿಚ್ಚುವವನು ತಪ್ಪು ರಿಂಗ್ ತರಬಾರದಲ್ಲ.