ಜಂಬಲ್ ಒಗಟು ಮತ್ತು ಖಗೋಳ ಶ್ಲೇಷೆ

ಜಂಬಲ್: ಅಮೆರಿಕದ ದಿನಪತ್ರಿಕೆಗಳಲ್ಲಿ ಬರುವ ಇಂಗ್ಲಿಷ್ ಅಕ್ಷರಪಲ್ಲಟದ ಒಗಟು. 1954ರಲ್ಲಿ ಮಾರ್ಟಿನ್ ನೇಡೆಲ್ ಇದನ್ನು ರೂಪಿಸಿದಾಗ ಇದರ ಹೆಸರು ಸ್ಕ್ರ್ಯಾಂಬಲ್. 1962ರಿಂದ ಹೆನ್ರಿ ಆರ್ನಲ್ಡ್ ಮತ್ತು ಬಾಬ್ ಲೀ ಜೋಡಿ ದಶಕಗಳ ಕಾಲ ಇದನ್ನು ನಡೆಸಿತು. ಅನಂತರ ಚಿತ್ರದ ಹೊಣೆ ಜೆಫ್ ಕ್ನೂರೆಕ್ ಅವರಿಗೂ ಪದಗಳ ಹೊಣೆ ಡೇವಿಡ್ ಹಾಯ್ಟ್ ಅವರಿಗೂ ಬಂತು.

ವಾರದ ದಿನಗಳ ಒಗಟಿನಲ್ಲಿ ಕಲಸಿದ ನಾಲ್ಕು ಪದಗಳಿರುತ್ತವೆ: ಐದಕ್ಷರದವು ಎರಡು, ಆರಕ್ಷರದವು ಎರಡು. ಬಿಡಿಸಿದ ಪದಗಳಲ್ಲಿ ವೃತ್ತದೊಳಗೆ ಬೀಳುವ ಅಕ್ಷರಗಳನ್ನು ಮತ್ತೆ ಜೋಡಿಸಿದರೆ ಪಕ್ಕದ ವ್ಯಂಗ್ಯಚಿತ್ರದ ಪ್ರಶ್ನೆಗೆ ಉತ್ತರ. ಉತ್ತರದ ಖಾಲಿ ಮನೆಗಳು ಉದ್ಧರಣ ಚಿಹ್ನೆಯೊಳಗಿದ್ದರೆ ಅಲ್ಲಿ ಶ್ಲೇಷೆಯಿದೆ ಎಂದರ್ಥ.

ಎಲ್ಲ ಅಕ್ಷರಗಳೂ ಬೇರೆಬೇರೆಯಾದ ಐದಕ್ಷರದ ಪದವನ್ನು 120 ಬಗೆಯಲ್ಲಿ, ಆರಕ್ಷರದ್ದನ್ನು 720 ಬಗೆಯಲ್ಲಿ ಜೋಡಿಸಬಹುದು. ಪಳಗಿದವರು ಅಷ್ಟು ದೂರ ಹೋಗುವುದಿಲ್ಲ. ಸ್ವರಗಳನ್ನು ಬೇರೆ ಬರೆದುಕೊಂಡು, ಜೊತೆಯಾಗಿ ಬರುವ ವ್ಯಂಜನಗಳನ್ನೂ ವಾಡಿಕೆಯ ಪದಾಂತ್ಯಗಳನ್ನೂ ಹುಡುಕುತ್ತಾರೆ. ಕನ್ನಡದಲ್ಲಿ ಸ್ವರ ಗುಣಿತಾಕ್ಷರದೊಳಗೇ ಸೇರಿಕೊಂಡಿರುವುದರಿಂದ ಇಷ್ಟು ಕಲಸಾಟಕ್ಕೆ ಎಡೆಯಿಲ್ಲ.

ಕೊನೆಯ ಉತ್ತರವನ್ನು ಹುಡುಕುವ ದಾರಿಯೇ ಬೇರೆ. ಒಂದು ಕಲ್ಪಿತ ಉದಾಹರಣೆ: ದೂರದರ್ಶಕದ ಮುಂದೆ ನಿಂತ ಇಬ್ಬರಲ್ಲಿ ಒಬ್ಬಳು ನಗುತ್ತಿದ್ದಾಳೆ, ಇನ್ನೊಬ್ಬ ಮುಖ ಬಿಗಿದು ನಿಂತಿದ್ದಾನೆ; ಅವನು ಹೇಗಿದ್ದಾನೆ ಎಂಬುದು ಪ್ರಶ್ನೆ. ದೊರೆತ ಅಕ್ಷರಗಳು ಆರು: ಐ, ಐ, ಆರ್, ಎಸ್, ಎಸ್, ಯು. ಎರಡು ಅಕ್ಷರಗಳು ಜೋಡಿಯಾಗಿರುವುದರಿಂದ ಜೋಡಣೆಗಳು 180ಕ್ಕೆ ಇಳಿಯುತ್ತವೆ. ಆದರೆ ಎಣಿಸುತ್ತ ಕೂರುವ ಬದಲು ಚಿತ್ರ ನೋಡಿ 'ಸೀರಿಯಸ್' ಎಂದುಕೊಂಡರೆ ಸಾಕು, ಅದರ ಬೆನ್ನಿಗೇ ಲುಬ್ಧಕ ನಕ್ಷತ್ರದ ಇಂಗ್ಲಿಷ್ ಹೆಸರು 'ಸಿರಿಯಸ್' ಹೊಳೆಯುತ್ತದೆ. ಶ್ಲೇಷೆಯನ್ನು ಮೊದಲು ಹಿಡಿಯುವುದು ಕಿವಿ; ಅಕ್ಷರಗಳು ತಾಳೆ ನೋಡುವುದಕ್ಕೆ.

ಕಲಸಿದ ಪ್ರತಿ ಪದಕ್ಕೂ ಒಂದೇ ಉತ್ತರವಿರಬೇಕೆಂಬುದು ಈ ಆಟದ ಕಟ್ಟುಪಾಡು. ಖಗೋಳದ ಚೆಂದದ ಪದಗಳು ಇಲ್ಲೇ ಎಡವುತ್ತವೆ. 'ಅರ್ಥ್' (ಭೂಮಿ) ಕಲಸಿದರೆ 'ಹಾರ್ಟ್' (ಹೃದಯ) ಕೂಡ ಆಗುತ್ತದೆ. 'ಪ್ಲಾನೆಟ್'ನ ಅಕ್ಷರಗಳಿಂದಲೇ ಟೈಪ್‌ರೈಟರಿನ ಉರುಳೆಯಾದ 'ಪ್ಲಾಟನ್' ಬರುತ್ತದೆ. 'ಆರ್ಬಿಟ್' (ಕಕ್ಷೆ) ಮಾತ್ರ ನಿರಪಾಯ.

ಉತ್ತರ ಒಂದೇ ಇರದಿದ್ದರೆ ಏನಾಗುತ್ತದೆ ಎಂಬುದನ್ನು ಖಗೋಳದ ಚರಿತ್ರೆಯೇ ತೋರಿಸಿದೆ. 1610ರಲ್ಲಿ ಶನಿಯ ಇಕ್ಕೆಲದಲ್ಲೂ ಒಂದೊಂದು ಕಾಯವಿರುವಂತೆ ಕಂಡ ಗೆಲಿಲಿಯೊ, ತಾನೇ ಮೊದಲು ಕಂಡವನೆಂಬ ದಾಖಲೆ ಉಳಿಯಲಿ, ಆದರೆ ಗುಟ್ಟು ಒಡೆಯದಿರಲಿ ಎಂದು ಆ ಸಂಗತಿಯ ಲ್ಯಾಟಿನ್ ವಾಕ್ಯದ ಅಕ್ಷರಗಳನ್ನು ಕಲಸಿ ಕಳುಹಿಸಿದ. ಅದನ್ನು ಬಿಡಿಸಲು ಕುಳಿತ ಕೆಪ್ಲರ್, ಮಂಗಳನಿಗೆ ಎರಡು ಉಪಗ್ರಹಗಳಿವೆ ಎಂಬ ಅರ್ಥ ಬರುವಂತೆ ಅಕ್ಷರಗಳನ್ನು ಹೊಂದಿಸಿದ. ತನ್ನ ಲ್ಯಾಟಿನ್ ಒರಟೆಂದು ಅವನೇ ಒಪ್ಪಿಕೊಂಡ. ಆ ವರ್ಷದ ನವೆಂಬರಿನಲ್ಲಿ ಗೆಲಿಲಿಯೊ ನಿಜವಾದ ಉತ್ತರ ಕೊಟ್ಟ: ಅತ್ಯಂತ ಎತ್ತರದ ಗ್ರಹ ಮೂರಾಗಿ ಕಂಡಿತು. ಕಂಡದ್ದು ಬಳೆಗಳೆಂದು ಅವನಿಗೆ ತಿಳಿದಿರಲಿಲ್ಲ. ಅದನ್ನು ಹೇಳಿದವನು ಹೈಗೆನ್ಸ್, ಅವನೂ 1656ರಲ್ಲಿ ಅಕ್ಷರಗಳನ್ನು ಅಕಾರಾದಿಯಾಗಿ ಬಿಡಿಸಿಟ್ಟು, 1659ರಲ್ಲಿ ಗುಟ್ಟು ಬಿಚ್ಚಿದ. ಇನ್ನು ಕೆಪ್ಲರನ ತಪ್ಪು ಉತ್ತರದ ವಿಚಾರ: ಮಂಗಳನ ಎರಡು ಉಪಗ್ರಹಗಳನ್ನು ಅಸಾಫ್ ಹಾಲ್ 1877ರಲ್ಲಿ ಕಂಡುಹಿಡಿದ.